ಶಾಲೆಯಲ್ಲಿ ನಮ್ಮ ಮಗುವಿನ ಪರ ಮಾತಾಡುವುದು: ಉತ್ತರ ಕನ್ನಡದ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾ ಕಡೆಯವಳು. ಮಗನಿಗೆ ಆಟಿಸಂ ಇದೆ, ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ಅವನಿಗಾಗಿ ಶಾಲೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಆಸ್ಪತ್ರೆ ಅಂತ ಓಡಾಡುವುದನ್ನು ನೋಡಿ ಬೇರೆ ಪಾಲಕರೂ ಫೋನ್ ಮಾಡಲು ಶುರುಮಾಡಿದರು. ಭಟ್ಕಳದಿಂದ ಜೊಯಿಡಾ ತನಕ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲೆಯಲ್ಲ, ಡಾಕ್ಟರೂ ಅಲ್ಲ. ಓದುವಾಗ ಅದು ನೆನಪಿರಲಿ.

ಇದೆಲ್ಲ ಶಾಲೆಯವರೇ ಮಾಡಬೇಕಾದ್ದಲ್ವಾ? ನಾವ್ಯಾಕೆ ಓಡಾಡಬೇಕು?

ಮಾಡಬೇಕಾದವರು ಅವರೇ, ಎರಡು ಮಾತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ತೆಗೆದು ನೋಡಿ. ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಅನುಕೂಲ ಮಾಡಿಕೊಡಬೇಕು. ಕಲಿಕಾ ನ್ಯೂನತೆ ಇದ್ದರೆ ಬೇಗ ಗುರುತಿಸಬೇಕು. ಮಗು ಎಷ್ಟು ಮುಂದೆ ಹೋಗುತ್ತಿದೆ ಅಂತ ನೋಡುತ್ತಿರಬೇಕು. ಇದು ಸರ್ಕಾರಿ ಶಾಲೆಗೂ ಅನ್ವಯ, ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಅನ್ವಯ.

ಇನ್ನು ಶಾಲೆಯ ಒಳಗೆ ಹೋಗಿ ನೋಡಿ. ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡ ಒಬ್ಬ ಅಕ್ಕೋರು. ಅದರ ಮೇಲೆ ಬಿಸಿಯೂಟದ ಲೆಕ್ಕ, ಸಮೀಕ್ಷೆಯ ಡ್ಯೂಟಿ. ವಿಶೇಷ ಶಿಕ್ಷಣದ ತರಬೇತಿ ಇರುವವರು ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ) ಇರುತ್ತಾರೆ, ಬಿಐಇಆರ್‌ಟಿ ಅಂತ ಕರೆಯುತ್ತಾರೆ. ಅವರು ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತಬೇಕು. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆಯನ್ನೂ ಹೊರಡಿಸಿತು. 2025ರ ಮಾರ್ಚಿನಲ್ಲಿ ಕೋರ್ಟು ರಾಜ್ಯಗಳಿಗೆ ಮತ್ತೆ ಹೇಳಬೇಕಾಗಿ ಬಂತು. ಈ ಹುದ್ದೆಗಳು ನಮ್ಮೂರ ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ನಮ್ಮ ಮಕ್ಕಳಿಗೆ ಮೀಸೆ ಬಂದಿರುತ್ತದೆ. ಅದಕ್ಕೇ ಓಡಾಟ.

ಮೊದಲು ಮಾಡಿಸಬೇಕಾದ ಕಾಗದ ಯಾವುದು?

ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಆಟಿಸಂ, ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಕಿವುಡು, ಕಲಿಕಾ ನ್ಯೂನತೆ ಎಲ್ಲವೂ ಅದರೊಳಗೆ ಬರುತ್ತವೆ.

ತೊಡಕು ಬರುವುದು ತಪಾಸಣೆಯಲ್ಲಿ. ಕೈಕಾಲಿನ ತೊಂದರೆಯಾದರೆ ಬೇಗ ಮುಗಿಯುತ್ತದೆ. ಬುದ್ಧಿಮಾಂದ್ಯತೆ, ಆಟಿಸಂ, ಕಲಿಕಾ ನ್ಯೂನತೆಗೆ ಮನಃಶಾಸ್ತ್ರಜ್ಞರು ಕೂತು ಪರೀಕ್ಷೆ ಮಾಡಬೇಕು. ಮೂಳೆ ಡಾಕ್ಟರು ಇರುವ ದಿನ ನೀವು ಐಕ್ಯೂ ಪರೀಕ್ಷೆಗೆ ಕಾರವಾರಕ್ಕೆ ಹೋದರೆ ಬಂದ ದಾರಿಗೆ ಸುಂಕವಿಲ್ಲ. ಹೊರಡುವ ಮೊದಲು ಯಾವ ದಿನ ಯಾರು ಕೂರುತ್ತಾರೆ ಅಂತ ಕೇಳಿಕೊಳ್ಳಿ. ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯು. ಆಸ್ಪತ್ರೆಯ ದಿನ, ಹೊತ್ತು ಎಲ್ಲ ಅವರಿಗೆ ಬಾಯಿಪಾಠ. ಇವರ ನಂಬರು ನಿಮ್ಮ ಹತ್ತಿರ ಇರಲೇಬೇಕು.

ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮಾತು, ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕರಾವಳಿಯವರಿಗೆ ಮುರ್ಡೇಶ್ವರದ ರೈಲು ಮೈಸೂರಿನ ಮೇಲೇ ಹೋಗುವುದರಿಂದ ಅದು ಅಷ್ಟೇನೂ ದೂರ ಅನ್ನಿಸುವುದಿಲ್ಲ. ಮಣಿಪಾಲದಲ್ಲೋ ಗೋವಾದಲ್ಲೋ ತೋರಿಸಿದ್ದರೆ ಆ ರಿಪೋರ್ಟುಗಳನ್ನೂ ಬಿಸಾಡಬೇಡಿ. ತಪಾಸಣೆ ಮಾಡುವ ವೈದ್ಯಕೀಯ ಬೋರ್ಡಿನ ಡಾಕ್ಟರಿಗೆ ತೋರಿಸಿದರೆ ಅವರಿಗೂ ಕೆಲಸ ಸುಲಭ.

ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ ಥರದ್ದು, ಸಾಮಾನ್ಯವಾಗಿ 8 ವರ್ಷ ಆಗುವ ಮೊದಲು ಬರೆದುಕೊಡುವುದಿಲ್ಲ. ಒಂದನೇ ತರಗತಿಯ ಮಗು ಒತ್ತಕ್ಷರ ತಪ್ಪು ಬರೆಯಿತು ಅಂತ ಗಾಬರಿಯಾಗಬೇಡಿ.

ತಪಾಸಣೆಯಲ್ಲಿ ನ್ಯೂನತೆ ಶೇ. 40ಕ್ಕಿಂತ ಕಡಿಮೆ ಬಂತು. ಇನ್ನು ಏನೂ ಸಿಗುವುದಿಲ್ಲ ಅಂತಾರೆ, ಹೌದಾ?

ಅರ್ಧ ಸತ್ಯ. ಪಿಂಚಣಿ, ವಿದ್ಯಾರ್ಥಿವೇತನ, ಕಾಲೇಜು ಸೀಟಿನ ಶೇ. 5 ಮೀಸಲಾತಿ ಇಂಥವಕ್ಕೆಲ್ಲ ಶೇ. 40 ಬೇಕು. 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು ಕೊಡುವ 31ನೇ ಕಲಮಿಗೂ ಅದೇ ಅಳತೆ. ಆದರೆ ತರಗತಿಯೊಳಗೆ ಅನುಕೂಲ ಮಾಡಿಕೊಡಬೇಕು ಅನ್ನುವ 16ನೇ ಕಲಂ ಶೇಕಡಾವಾರು ಕೇಳುವುದಿಲ್ಲ. ಶೇ. 40ರ ಕೆಳಗಿನವರಿಗೂ ಈಗ ಯುಡಿಐಡಿ ಕಾರ್ಡು ಬರುತ್ತದೆ, ಬಿಳಿ ಬಣ್ಣದ್ದು. ಅದನ್ನೂ ಮಾಡಿಸಿಕೊಳ್ಳಿ.

ಕಾರ್ಡು ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಹಚ್ಚಿದ ಹಾಗೆ ಆಗುವುದಿಲ್ವಾ? ಮುಂದೆ ಮದುವೆ ಗಿದುವೆ?

ಹೆಣ್ಣುಮಕ್ಕಳ ತಾಯಂದಿರು ಇದನ್ನು ಧ್ವನಿ ತಗ್ಗಿಸಿ ಕೇಳುತ್ತಾರೆ. ಊರಲ್ಲಿ ಹಣೆಪಟ್ಟಿ ಆಗಲೇ ಬಿದ್ದಿರುತ್ತದೆ, ‘ಆ ಪೆದ್ದು ಕೂಸು’ ಅಂತ. ಅದರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಒಂದು ನಿಮಿಷವೂ ಜಾಸ್ತಿ ಸಿಗುವುದಿಲ್ಲ. ಕಾರ್ಡಿನಿಂದ ಸಿಗುತ್ತದೆ. ಕಾರ್ಡನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ.

ಖಾಸಗಿ ಶಾಲೆಯವರು ‘ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ’ ಅಂದರು. ಏನು ಮಾಡಲಿ?

‘ಸರಿ ಸರ್, ಅದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ’ ಅನ್ನಿ. ಜಗಳದ ಧ್ವನಿ ಬೇಡ, ಪೆನ್ನು ಮುಂದಿಡಿ ಸಾಕು. ಹೆಚ್ಚಿನವರು ಬರೆದುಕೊಡುವುದಿಲ್ಲ, ಯಾಕೆಂದರೆ ಬರೆದರೆ ಕಾಯ್ದೆ ಮುರಿದದ್ದಕ್ಕೆ ಅದೇ ಸಾಕ್ಷಿ. ಸೇರಿಸಿಕೊಳ್ಳುವಾಗ ಮಗುವಿಗೆ ಪರೀಕ್ಷೆ ಇಟ್ಟು ಸೋಸುವುದನ್ನು ಆರ್‌ಟಿಇ (ಶಿಕ್ಷಣದ ಹಕ್ಕು) ಕಾಯ್ದೆಯ 13ನೇ ಕಲಂ ನಿಷೇಧಿಸಿದೆ. ಬರೆದುಕೊಡದೆ ಸಾಗಹಾಕಿದರೆ ನೀವೇ ಬಿಇಒಗೆ ಬರೆಯಿರಿ: ಇಂಥ ದಿನ, ಇಂಥ ಶಾಲೆ, ಇಂಥವರು ಹೀಗೆ ಹೇಳಿದರು.

ಆದರೆ ನನ್ನ ಅನಿಸಿಕೆಯನ್ನೂ ಹೇಳಿಬಿಡುತ್ತೇನೆ. ಮನಸ್ಸಿಲ್ಲದ ಶಾಲೆಗೆ ಕಾಯ್ದೆ ತೋರಿಸಿ ಮಗುವನ್ನು ತಳ್ಳಿದರೆ ಅಲ್ಲಿ ದಿನವಿಡೀ ಕೂರುವುದು ಮಗುವೇ. ದೂರು ಕೊಡಿ, ಮುಂದಿನ ಮಗುವಿಗೆ ದಾರಿಯಾಗಲಿ. ನಿಮ್ಮ ಮಗುವಿಗೆ ಒಳ್ಳೆಯ ಅಕ್ಕೋರು ಇರುವ ಶಾಲೆ ಹುಡುಕಿ, ಅದು ಹಳೇ ಹಂಚಿನ ಕಟ್ಟಡದ ಶಾಲೆಯೇ ಆಗಿರಲಿ.

ಸಾಮಾನ್ಯ ಶಾಲೆಯೋ, ವಿಶೇಷ ಶಾಲೆಯೋ?

ಶೇ. 40 ಮತ್ತು ಮೇಲಿನವರಿಗೆ ಆಯ್ಕೆ ಪಾಲಕರದ್ದು, ಕಾಯ್ದೆಯೇ ಹಾಗೆ ಹೇಳುತ್ತದೆ. ‘ನಿಮ್ಮ ಮಗ ವಿಶೇಷ ಶಾಲೆಗೇ ಹೋಗಬೇಕು’ ಅಂತ ಯಾರೂ ಹೇಳುವ ಹಾಗಿಲ್ಲ. ಸನ್ನೆ ಭಾಷೆ ಕಲಿಯಬೇಕಾದ ಮಗುವಿಗೆ ಅದೇ ಭಾಷೆಯ ಗೆಳೆಯರು ಬೇಕು, ಅಲ್ಲಿ ವಿಶೇಷ ಶಾಲೆಯ ತೂಕ ಜಾಸ್ತಿ. ನನ್ನ ಮಗನಂಥವರಿಗೆ ಓಣಿಯ ಮಕ್ಕಳ ಜೊತೆ ಬೆಳೆಯುವುದೇ ಅರ್ಧ ಪಾಠ. ಹಾಸ್ಟೆಲಿಗೆ ಬಿಡುವ ಮುಂಚೆ ಹೇಳದೆ ಕೇಳದೆ ಒಂದು ಸಂಜೆ ಅಲ್ಲಿಗೆ ಹೋಗಿ ನೋಡಿ. ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅಪಮಾನ ಮಾಡಿದಂತಲ್ಲ.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅದಕ್ಕೇ ಮಾತು ಬರಲಿಲ್ಲ ಅಂತಾರೆ.

ಕಾರವಾರ, ಅಂಕೋಲಾ ಕಡೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಭಟ್ಕಳದ ನವಾಯತಿ ಮಾತಾಡುವ ಮನೆಗಳಲ್ಲೂ ಇದೇ ಮಾತು. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ, ಆಟಿಸಂ ಅಂತೂ ಬರುವುದೇ ಇಲ್ಲ. ಅಜ್ಜಿ ಯಾವ ಭಾಷೆಯಲ್ಲಿ ಮುದ್ದು ಮಾಡುತ್ತಾರೋ ಅದನ್ನು ನಿಲ್ಲಿಸಬೇಡಿ. ಆದರೆ ಪರೀಕ್ಷೆ ಮಾಡುವವರಿಗೆ ಮನೆಮಾತು ಯಾವುದು ಅಂತ ಮೊದಲೇ ಹೇಳಿ. ಕನ್ನಡದಲ್ಲಿ ಕೇಳಿದ ಪ್ರಶ್ನೆ ಅರ್ಥವಾಗದೆ ಸುಮ್ಮನೆ ಕೂತ ಮಗುವಿಗೆ ಅಂಕ ಕಡಿಮೆ ಬೀಳುತ್ತದೆ.

ಮಾಸ್ತರ ಹತ್ತಿರ ಏನು ಕೇಳಬೇಕು?

ಸಣ್ಣದನ್ನು ಕೇಳಿ. ‘ನನ್ನ ಮಗನ ಕಡೆ ಸ್ವಲ್ಪ ಗಮನ ಕೊಡಿ ಮಾಸ್ತರೇ’ ಅಂದರೆ ಅವರು ‘ಆಯ್ತು’ ಅನ್ನುತ್ತಾರೆ, ನೀವು ಮನೆಗೆ ಬರುತ್ತೀರಿ, ಅಲ್ಲಿಗೆ ಮುಗಿಯಿತು. ಏನು ಮಾಡಬೇಕು ಅಂತ ಅವರಿಗೂ ಗೊತ್ತಿಲ್ಲ.

ನಮ್ಮ ಶಾಲೆಯಲ್ಲಿ ಗಂಟೆ ಅಂದರೆ ಜಗಲಿಯ ಪಕಾಸಿಗೆ ತೂಗುಹಾಕಿದ ಕಬ್ಬಿಣದ ತುಂಡು. ಮಗನ ತರಗತಿಯ ಕಿಟಕಿಯ ಪಕ್ಕದಲ್ಲೇ. ಹೊಡೆದ ಕೂಡಲೇ ಕಿವಿ ಮುಚ್ಚಿಕೊಂಡು ಮೇಜಿನ ಅಡಿಗೆ ನುಗ್ಗುತ್ತಿದ್ದ. ಮತ್ತೆ ಅರ್ಧ ಗಂಟೆ ಯಾವ ಪಾಠವೂ ತಲೆಗೆ ಇಳಿಯುತ್ತಿರಲಿಲ್ಲ. ಹೆಡ್‌ಮಾಸ್ತರ ಹತ್ತಿರ ನಾನು ಕೇಳಿದ್ದು ಎರಡೇ: ಅವನನ್ನು ಆಚೆ ಗೋಡೆಯ ಕಡೆ ಕೂರಿಸಿ, ಗಂಟೆ ಹೊಡೆಯುವ ಮುಂಚೆ ಒಬ್ಬ ಹುಡುಗ ಅವನಿಗೆ ‘ಗಂಟೆ ಬಂತು’ ಅನ್ನಲಿ. ಮಾಸ್ತರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ಇಷ್ಟೇನಾ ಅಕ್ಕಾ?’ ಅಂದರು. ಮರುದಿನವೇ ಆಯಿತು. ಈಗ ಗಂಟೆ ಹೊಡೆಯುವ ಕೆಲಸವನ್ನು ಆಗಾಗ ಅವನಿಗೇ ಕೊಡುತ್ತಾರೆ. ತಾನೇ ಹೊಡೆದರೆ ಅವನಿಗೆ ಹೆದರಿಕೆಯಿಲ್ಲ!

ಕಿವಿಯ ಮಿಷನ್ ಹಾಕುವ ಮಗುವಾದರೆ ಮಳೆಗಾಲದ ವಿಷಯವನ್ನು ಬೇರೆಯಾಗಿಯೇ ಮಾತಾಡಿ. ತಗಡಿನ ಮೇಲೆ ಜೂನ್ ತಿಂಗಳ ಮಳೆ ಬೀಳುವಾಗ ಮಿಷನ್ ಮಳೆಯ ಸದ್ದನ್ನೇ ದೊಡ್ಡದು ಮಾಡುತ್ತದೆ, ಅಕ್ಕೋರ ಮಾತು ಕೇಳುವುದಿಲ್ಲ. ಮುಂದಿನ ಬೆಂಚು, ಮುಖ ಕಾಣುವ ಹಾಗೆ ಮಾತಾಡುವುದು, ಮುಖ್ಯವಾದದ್ದನ್ನು ಬೋರ್ಡಿನ ಮೇಲೆ ಬರೆಯುವುದು, ಇವಿಷ್ಟು ಕೇಳಿ. ರಾತ್ರಿ ಮಿಷನ್ನನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ನಮ್ಮ ಕಡೆಯ ತೇವಕ್ಕೆ ಅದು ಬೇಗ ಕೆಡುತ್ತದೆ.

ಮಗುವಿನ ಬಗ್ಗೆ ಒಂದು ಹಾಳೆ ಬರೆದುಕೊಡುವುದೂ ಒಳ್ಳೆಯದು. ಏನು ಇಷ್ಟ, ಯಾವುದಕ್ಕೆ ಹೆದರುತ್ತದೆ, ಉಚ್ಚೆ ಬಂದರೆ ಹೇಗೆ ಹೇಳುತ್ತದೆ, ಫಿಟ್ಸ್ ಬಂದರೆ ಏನು ಮಾಡಬೇಕು. ಒಂದೇ ಹಾಳೆ. ಎರಡನೇ ಹಾಳೆ ಯಾರೂ ಓದುವುದಿಲ್ಲ.

ಅರ್ಜಿ ಬರೆಯಲೇಬೇಕಾ? ಬಾಯಲ್ಲಿ ಹೇಳಿದರೆ ಸಾಲದಾ?

ಬೆಂಚು ಬದಲಿಸಲು ಬಾಯಿಮಾತು ಸಾಕು. ಬಿಐಇಆರ್‌ಟಿ ಬರಬೇಕು, ಗಾಲಿಕುರ್ಚಿ ಹತ್ತಲು ಇಳಿಜಾರು ಬೇಕು, ಪರೀಕ್ಷೆಯಲ್ಲಿ ಸಮಯ ಬೇಕು ಅಂದರೆ ಬರೆಯಲೇಬೇಕು. ಮಾಸ್ತರಿಗೆ ವರ್ಗವಾಗುತ್ತದೆ, ಕಾಗದಕ್ಕೆ ವರ್ಗವಾಗುವುದಿಲ್ಲ.

ಇಂಗ್ಲಿಷ್ ಬೇಕಾಗಿಲ್ಲ, ಚಂದದ ಅಕ್ಷರವೂ ಬೇಡ. ಹೀಗೆ ಬರೆದರೆ ಸಾಕು:

‘ಇವರಿಗೆ, ಮುಖ್ಯೋಪಾಧ್ಯಾಯರು, (ಶಾಲೆಯ ಹೆಸರು).
ವಿಷಯ: ನನ್ನ ಮಗಳಿಗೆ ವಿಶೇಷ ಶಿಕ್ಷಕರ ಭೇಟಿ ಕೋರಿ.
ಮಾನ್ಯರೇ, ನನ್ನ ಮಗಳು ನಿಮ್ಮ ಶಾಲೆಯಲ್ಲಿ 4ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳಿಗೆ ಬುದ್ಧಿಮಾಂದ್ಯತೆ ಇದ್ದು, ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. ಬಿಆರ್‌ಸಿಯಿಂದ ಬಿಐಇಆರ್‌ಟಿಯವರು ಬಂದು ಅವಳನ್ನು ನೋಡಿ, ಈ ವರ್ಷ ಏನು ಕಲಿಸಬೇಕು ಎಂದು ಬರಹದಲ್ಲಿ ಯೋಜನೆ ಮಾಡಿಕೊಡಬೇಕೆಂದು ಕೋರುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮಿನಂತೆ ಈ ಅನುಕೂಲ ಒದಗಿಸಬೇಕಾಗಿದೆ. 15 ದಿನದೊಳಗೆ ತಿಳಿಸಬೇಕಾಗಿ ವಿನಂತಿ.’

ದಿನಾಂಕ, ಸಹಿ, ಫೋನ್ ನಂಬರು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬನ್ನಿ. ಇದು ಬಹಳ ಮುಖ್ಯ. ‘ಇಟ್ಟು ಹೋಗಿ ಅಕ್ಕಾ, ನೋಡ್ತೇನೆ’ ಅಂದರೆ ನಕ್ಕು ಅಲ್ಲೇ ನಿಂತಿರಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ. ಇಳಿಜಾರು, ವಿದ್ಯಾರ್ಥಿವೇತನ, ಬಿಸಿಯೂಟದ ದೂರು ಎಲ್ಲ ಒಂದರಲ್ಲೇ ತುರುಕಿದರೆ ಅದು ಯಾರ ಟೇಬಲ್ಲಿಗೂ ಹೋಗುವುದಿಲ್ಲ.

ಹೆಡ್‌ಮಾಸ್ತರು ಉತ್ತರ ಕೊಡದಿದ್ದರೆ?

ಸಿಆರ್‌ಪಿ (ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವವರು), ಬಿಆರ್‌ಸಿ, ಆಮೇಲೆ ಬಿಇಒ. ಅದರ ಮೇಲೆ ಡಿಡಿಪಿಐ, ಅಂದರೆ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು. ನಮ್ಮದು ಒಂದೇ ಜಿಲ್ಲೆಯಾದರೂ ಶೈಕ್ಷಣಿಕ ಜಿಲ್ಲೆಗಳು ಎರಡು, ಇದು ಹಲವರಿಗೆ ಗೊತ್ತಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಕಾರವಾರದ ಡಿಡಿಪಿಐ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೊಯಿಡಾ ಕಡೆಯವರಿಗೆ ಶಿರಸಿಯ ಡಿಡಿಪಿಐ. ಸಿದ್ದಾಪುರದವರು ಇದಕ್ಕಾಗಿ ಕಾರವಾರದ ತನಕ ಘಟ್ಟ ಇಳಿಯಬೇಕಾಗಿಲ್ಲ.

ಅಲ್ಲೂ ಕೆಲಸ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಅವರಿಗೆ ಅಂಚೆಯಲ್ಲೇ ದೂರು ಕಳಿಸಬಹುದು, ವಕೀಲರು ಬೇಕಂತಿಲ್ಲ. ಸಾಕ್ಷಿ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ದೂರಿನ ಜೊತೆ ಸೀಲು ಹಾಕಿಸಿಕೊಂಡ ಆ ಪ್ರತಿಗಳನ್ನು ಇಡಿ.

ನಡುವೆ ಮಾಹಿತಿ ಹಕ್ಕಿನ ಅರ್ಜಿಯೂ ಇದೆ. 10 ರೂಪಾಯಿ, ಬಿಪಿಎಲ್ ಇದ್ದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ‘ಯಾಕೆ ಕೆಲಸ ಮಾಡಿಲ್ಲ’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ‘ನಮ್ಮ ಶಾಲೆಗೆ ಬಿಐಇಆರ್‌ಟಿ ಕಳೆದ ವರ್ಷ ಭೇಟಿ ಕೊಟ್ಟ ದಿನಾಂಕಗಳ ಪ್ರತಿ ಕೊಡಿ’ ಅಂತ ಕೇಳಿ. ಎಷ್ಟೋ ಸಲ ಉತ್ತರ ಬರುವ ಮೊದಲೇ ಭೇಟಿ ಆಗಿರುತ್ತದೆ.

ಯೂಟ್ಯೂಬಿನಲ್ಲಿ ‘ಐಇಪಿ ಮೀಟಿಂಗ್ ಕರೆಯಿರಿ’ ಅಂತ ಹೇಳುತ್ತಾರೆ. ಇಲ್ಲಿ ಯಾರೂ ಕರೆಯುವುದಿಲ್ಲವಲ್ಲ?

ಐಇಪಿ ಅಂದರೆ ಒಂದೊಂದು ಮಗುವಿಗೂ ಬೇರೆಯಾಗಿ ಬರೆಯುವ ಕಲಿಕೆಯ ಯೋಜನೆ. ಅದು ಅಮೆರಿಕದ ಕಾನೂನಿನಲ್ಲಿರುವುದು. ಆ ಕಾನೂನು 1975ರಲ್ಲಿ ಬಂತು, 1990ರಿಂದ ಐಡಿಇಎ ಅಂತ ಹೆಸರು. ಅಲ್ಲಿ ಇಂಥ ಪ್ರತಿ ಮಗುವಿಗೂ ಬರಹದ ಯೋಜನೆ ಕಡ್ಡಾಯ, ಸಭೆಯಲ್ಲಿ ಪಾಲಕರೂ ಸದಸ್ಯರು. ನಮ್ಮ ಕಾಯ್ದೆಯಲ್ಲಿ ‘ವೈಯಕ್ತಿಕ ನೆರವು’ ಕೊಡಬೇಕು ಅಂತಿದೆ, ಅಂಥ ಸಭೆಯ ವಿಧಿವಿಧಾನ ಇಲ್ಲ. ಹಾಗಂತ ಕೇಳಬಾರದು ಅಂತಲ್ಲ. ಬಿಐಇಆರ್‌ಟಿಯವರು ಇಂಥ ಯೋಜನೆ ಬರೆಯುತ್ತಾರೆ. ಅದರ ಪ್ರತಿ ಕೇಳಿ, ಓದಿ. ‘ಮಗು ಸಮಾಜದಲ್ಲಿ ಬೆರೆಯುವಂತೆ ಮಾಡುವುದು’ ಅಂತ ಬರೆದಿದ್ದರೆ ವಾಪಸ್ ಕೊಡಿ. ‘ದೀಪಾವಳಿಯೊಳಗೆ 20ರ ತನಕ ಕಾಯಿ ಎಣಿಸಿ ಕೊಡುವುದು’ ಅಂತ ಇದ್ದರೆ ಅದು ಯೋಜನೆ.

ಹೀಗೆಲ್ಲ ಕೇಳಿದರೆ ಮಗುವಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದಿಲ್ವಾ?

ಹೆದರಿಕೆ ಸುಳ್ಳಲ್ಲ. ಹಾಗೆ ಆದದ್ದೂ ಇದೆ. ಅದಕ್ಕೇ ಒಬ್ಬರೇ ಹೋಗಬೇಡಿ ಅನ್ನುವುದು. ಇನ್ನಿಬ್ಬರು ಪಾಲಕರು ಜೊತೆಗಿದ್ದರೆ ಅದು ‘ಆ ಹೆಂಗಸಿನ ಕಿರಿಕಿರಿ’ ಆಗಿ ಉಳಿಯುವುದಿಲ್ಲ. ಕೆಲಸ ಆದಾಗ ಒಂದು ಧನ್ಯವಾದದ ಕಾಗದವನ್ನೂ ಬರೆಯಿರಿ, ಬಿಇಒಗೆ ಒಂದು ಪ್ರತಿ. ಮಾಸ್ತರುಗಳಿಗೆ ಮೇಲಿನಿಂದ ಬರುವುದು ಬರೀ ನೋಟಿಸು. ಹೊಗಳಿದ ಕಾಗದವನ್ನು ಅವರೂ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಹೊಡೆದರೆ, ಕೋಣೆಯಲ್ಲಿ ಕೂಡಿಹಾಕಿದರೆ ಮಾತ್ರ ಧನ್ಯವಾದ, ಅರ್ಜಿ ಯಾವುದೂ ಬೇಡ. ಆ ಕ್ಷಣವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಸಮಿತಿಗೆ) ಸೇರಬೇಕಾ?

ಸೇರಿ. 2012ರ ತಿದ್ದುಪಡಿಯ ನಂತರ ನಮ್ಮ ಮಕ್ಕಳೂ ಆರ್‌ಟಿಇ ಕಾಯ್ದೆಯ ‘ಅವಕಾಶ ವಂಚಿತ’ ಗುಂಪಿಗೆ ಸೇರುತ್ತಾರೆ, ಆ ಗುಂಪಿನ ಪಾಲಕರಿಗೆ ಸಮಿತಿಯಲ್ಲಿ ಜಾಗ ಇರಬೇಕು. ಮೊದಲ ಸಭೆಯಲ್ಲೇ ಒಂದು ಕೇಳಿ: ಎಸ್‌ಎಟಿಎಸ್, ಯು-ಡೈಸ್ ಅನ್ನುವ, ಶಾಲೆ ತುಂಬುವ ಸರ್ಕಾರಿ ಆನ್‌ಲೈನ್ ದಾಖಲೆಗಳಲ್ಲಿ ನಮ್ಮ ಮಗು ವಿಶೇಷ ಅಗತ್ಯವುಳ್ಳ ಮಗು ಅಂತ ನಮೂದಾಗಿದೆಯಾ? ಅಲ್ಲಿ ಹೆಸರಿಲ್ಲದಿದ್ದರೆ ಮೇಲಿನವರ ಲೆಕ್ಕದಲ್ಲಿ ನಿಮ್ಮ ಮಗುವೇ ಇಲ್ಲ. ಉಪಕರಣವೂ ಬರುವುದಿಲ್ಲ, ದುಡ್ಡೂ ಬರುವುದಿಲ್ಲ.

ಗ್ರಾಮಸಭೆಗೂ ಹೋಗಿ. ಪಂಚಾಯ್ತಿ ತನ್ನ ಸ್ವಂತ ಆದಾಯದ ಶೇ. 5ನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು. ಶಾಲೆಯ ಶೌಚಾಲಯಕ್ಕೆ ಹಿಡಿಕೆ ಹಾಕಿಸಿ ಅಂತ ಅಲ್ಲಿ ಕೇಳಬಹುದು.

ಮನೆ ಗುಡ್ಡದ ಮೇಲೆ. ಮಳೆಗಾಲದಲ್ಲಿ ಮಗುವನ್ನು ಎತ್ತಿಕೊಂಡು ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಲು ಆಗುವುದಿಲ್ಲ.

ತೀವ್ರ ನ್ಯೂನತೆ ಇರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇದೆ, ವಿಶೇಷ ಶಿಕ್ಷಕರು ಮನೆಗೇ ಬಂದು ಕಲಿಸಬೇಕು. ಹೆಸರು ಶಾಲೆಯ ಹಾಜರಿಯಲ್ಲೇ ಇರುತ್ತದೆ. ಶಾಲೆಗೆ ಹೋಗಬಲ್ಲ ಮಗುವಿಗೆ ಸಾರಿಗೆ ಭತ್ಯೆ, ಜೊತೆಗೆ ಕರೆದೊಯ್ಯುವವರಿಗೆ ಬೆಂಗಾವಲು ಭತ್ಯೆ ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿವೆ. ನನಗೆ ಒಂದೇ ತಕರಾರು. ನಡೆಯಬಲ್ಲ ಮಗುವನ್ನೂ ‘ಗೃಹಾಧಾರಿತ’ ಅಂತ ಬರೆದು ಕೈತೊಳೆದುಕೊಳ್ಳುವುದುಂಟು. ಸಂಕದ ತೊಂದರೆ ನಾಲ್ಕು ತಿಂಗಳದ್ದಾದರೆ ಉಳಿದ ತಿಂಗಳು ಶಾಲೆ ಬೇಕು ಅಂತ ಅರ್ಜಿಯಲ್ಲೇ ಬರೆಯಿರಿ.

ದುಡ್ಡಿನ ಸಹಾಯ ಏನೇನಿದೆ?

ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಿಂದ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು. ಅದರ ಜೊತೆ ವಿದ್ಯಾರ್ಥಿವೇತನ, ಪಿಂಚಣಿ. ರಿಯಾಯಿತಿ ಬಸ್ ಪಾಸು ಮನೆಯಿಂದ 100 ಕಿ.ಮೀ. ತನಕ. ಶಿರಸಿಯಿಂದ ಕಾರವಾರ ಅದಕ್ಕಿಂತ ಜಾಸ್ತಿ ದೂರ! ಈ ನಿಯಮ ಮಾಡಿದವರು ನಮ್ಮ ಜಿಲ್ಲೆಯ ನಕ್ಷೆ ನೋಡಿದ ಹಾಗಿಲ್ಲ.

ಎಸ್‌ಎಸ್‌ಎಲ್‌ಸಿಯಲ್ಲಿ ಏನು ರಿಯಾಯಿತಿ?

ಹೆಚ್ಚುವರಿ ಸಮಯ, ಲಿಪಿಕಾರರು, ಭಾಷಾ ವಿಷಯದಲ್ಲಿ ವಿನಾಯಿತಿ. 17ನೇ ಕಲಮಿನಲ್ಲೇ ಈ ಮಾತಿದೆ. ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ, 3 ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ.

ಇದನ್ನು ಫೆಬ್ರವರಿಯಲ್ಲಿ ಕೇಳಲು ಹೋಗಬೇಡಿ. ಎಂಟನೇ ತರಗತಿಯಲ್ಲೇ ಪ್ರಮಾಣಪತ್ರ ಕೈಯಲ್ಲಿರಲಿ, ಒಂಬತ್ತರ ಪರೀಕ್ಷೆಗಳಿಂದಲೇ ಲಿಪಿಕಾರರ ಅಭ್ಯಾಸವಾಗಲಿ. ತಾನು ಹೇಳಿ ಇನ್ನೊಬ್ಬರ ಕೈಯಲ್ಲಿ ಬರೆಸುವುದು ಸುಲಭದ ಕೆಲಸವಲ್ಲ. ಭಾಷಾ ವಿನಾಯಿತಿ ತೆಗೆದುಕೊಳ್ಳುವ ಮುಂಚೆ ಮಗು ಮುಂದೆ ಏನು ಓದಬೇಕು ಅಂತಿದೆ ಅನ್ನುವುದನ್ನೂ ನೋಡಿ. ಶಾಲೆಯ ಓದು ತೀರಾ ಭಾರವಾದರೆ ಮುಕ್ತ ಶಾಲೆಯ ದಾರಿ ಇದೆ. ವಿಷಯಗಳನ್ನು ಒಂದೊಂದಾಗಿ ಪಾಸು ಮಾಡಿಕೊಂಡು ಹೋಗಬಹುದು.

ಮಗನ ಅಪ್ಪ ಯಾವುದಕ್ಕೂ ಬರುವುದಿಲ್ಲ.

ಸಹಿ ಮಾಡಲು ಕರೆಯಿರಿ. ಆಫೀಸಿನಲ್ಲಿ ಒಂದು ಸಲ ಬೆಂಚಿನ ಮೇಲೆ ಕಾದರೆ ಎರಡನೇ ಸಲ ನಿಮಗಿಂತ ಮುಂಚೆ ಅವರಿಗೇ ಸಿಟ್ಟು ಬರುತ್ತದೆ.

18 ತುಂಬಿದ ಮೇಲೆ?

ಕಾನೂನಿನ ಕಣ್ಣಿಗೆ ಅವನು ದೊಡ್ಡವನು. ಅವನ ಪರವಾಗಿ ಸಹಿ ಹಾಕುವ ಅಧಿಕಾರ ತಂದೆತಾಯಿಗೆ ತಾನಾಗಿಯೇ ಇರುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ನ್ಯೂನತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಕಾನೂನು ಪಾಲಕರನ್ನು ನೇಮಿಸುತ್ತಾರೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಇದನ್ನು ಮಾಡುತ್ತದೆ. ಅಂದರೆ ಶಿರಸಿಯವರೂ ಕಾರವಾರಕ್ಕೇ ಅರ್ಜಿ ಕೊಡಬೇಕು. ಎಲ್ಲರಿಗೂ ಇದು ಬೇಕಾಗುವುದಿಲ್ಲ. ತನ್ನ ದುಡ್ಡು, ತನ್ನ ಸಹಿ ತಾನೇ ನೋಡಿಕೊಳ್ಳಬಲ್ಲವನಿಗೆ ಕಾನೂನು ಪಾಲಕರನ್ನು ಹೇರಬೇಡಿ. ಬೇಕು ಅನ್ನಿಸಿದರೆ ಅರ್ಜಿಗೆ ಬೇಕಾದ ದಾಖಲೆಗಳನ್ನು 17ರಲ್ಲೇ ಹೊಂದಿಸಲು ಶುರುಮಾಡಿ. ಆಧಾರಿನಲ್ಲಿ, ಶಾಲೆಯ ಟಿಸಿಯಲ್ಲಿ, ಯುಡಿಐಡಿಯಲ್ಲಿ ಹೆಸರು, ಜನ್ಮ ದಿನಾಂಕ ಒಂದೇ ಇದೆಯಾ ಅಂತ ಮೊದಲು ತಾಳೆ ನೋಡಿ.